ಹೇಳದವನ ಹೆಗಲು

ನನ್ನ ಅತ್ತೆ ಅಂಬವ್ವ ತೀರಿಕೊಂಡದ್ದು ಬೆಳಗಿನ ಏಳಕ್ಕೆ. ಒಂಬತ್ತರ ಹೊತ್ತಿಗೆ ಅವರು ಏಳುವುದಿಲ್ಲ ಎಂಬುದು ಇಡೀ ಮೇಲ್ಗೇರಿಗೆ ಗೊತ್ತಾಗಿತ್ತು. ದೊಡ್ಡ ಭಾವ ತ್ರಿಂಬಕಪ್ಪ ತಲೆಯ ಕಡೆ ನಿಂತು, ಅತ್ತೆ ಮದುವೆಯಾದ ವರ್ಷ ಬರೆಸಿದ್ದ ಪದವನ್ನು ಹನ್ನೆರಡು ಸಲ ಹೇಳಿದರು. ಬಂಗಾರದ ಕೊಡದಲ್ಲಿ ತುಂಬಿದ ತಿಳಿನೀರು ತುಳುಕದಿರಲಿ ಎಂಬ ಪದ ಅದು. ನನ್ನ ಗಂಡ ವಾಮದೇವ ಕಾಲ ಕಡೆ ನಿಂತು ಅದನ್ನೇ ಹೇಳಿದರು. ಅತ್ತೆ ಚಾಪೆಯ ಮೇಲೆ ಬೀಸುವ ಕಲ್ಲಿನ ಹಾಗೆ ಮಲಗಿದ್ದರು. ಸೆರಗಿನ ತುದಿಯೂ ಅಲುಗಲಿಲ್ಲ.

ನಮ್ಮೂರಿನಲ್ಲಿ ಸತ್ತವರನ್ನು ತೋಳಿನ ಬಲದಿಂದ ಎತ್ತಲಾಗುವುದಿಲ್ಲ. ಅವರು ಬದುಕಿದ್ದಾಗ ನಿಜವಾಗಿ ಪ್ರೀತಿಸಿದ ಪದವೊಂದು, ಎಂದರೆ ನಾಲ್ಕು ಸಾಲಿನ ಕವಿತೆಯೊಂದು, ಇರುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದರೆ ಚಾಪೆಯಿಂದ ಒಂದು ಗೇಣು ಮೇಲೇಳುತ್ತಾರೆ. ಹೇಳುತ್ತಿರುವಷ್ಟು ಹೊತ್ತು ಹಗುರ, ನಿಲ್ಲಿಸಿದರೆ ಮತ್ತೆ ಭಾರ. ಚಟ್ಟ ಹೊತ್ತ ನಾಲ್ವರೂ ದಾರಿಯುದ್ದಕ್ಕೂ ಹೇಳುತ್ತಲೇ ಹೋಗಬೇಕು. ಯಾರು ಹೇಳುವುದಿಲ್ಲವೋ ಅವನ ಮೂಲೆ ಮಾತ್ರ ಭಾರವಾಗಿ ಅವನ ಹೆಗಲ ಮೇಲೆ ಕೂರುತ್ತದೆ. ಕಾಲೇಜಿಗೆಂದು ಮೂರು ವರ್ಷ ಬೇರೆ ಪಟ್ಟಣದಲ್ಲಿದ್ದಾಗ, ಅಲ್ಲಿನವರು ಸುಮ್ಮನೆ ಅಳುತ್ತ ಹೆಣ ಹೊತ್ತುಕೊಂಡು ಹೋಗುವುದನ್ನು ಕಂಡು ನಾನು ಹೆದರಿದ್ದೆ. ಏನನ್ನೂ ಓದದವರನ್ನೂ ಹೀಗೆ ಎತ್ತಬಹುದೇ ಎಂದು ಗೆಳತಿಯರನ್ನು ಕೇಳಿ ನಗೆಗೀಡಾಗಿದ್ದೆ.

ಇಷ್ಟು ಚೆಂದದ ಸಂಗತಿಯನ್ನು ಇಟ್ಟುಕೊಂಡು ನಮ್ಮೂರಿನವರು ಮಾಡಿದ್ದೇನು ಎಂದು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಊರಿಗೆ ನಾಲ್ಕು ಕೇರಿ. ಗುಡ್ಡದ ನೆತ್ತಿಯಲ್ಲಿ ಮೇಲ್ಗೇರಿ, ಅದರ ಕೆಳಗೆ ನಡುಗೇರಿ ಮತ್ತು ಗಾಣಗೇರಿ, ಎಲ್ಲಕ್ಕಿಂತ ಕೆಳಗೆ ಗೂಡುಗಳಲ್ಲಿ ಸುಣ್ಣ ಸುಡುವವರ ಸುಣ್ಣಗೇರಿ. ಒಂದೊಂದು ಕೇರಿಗೂ ಅದರದೇ ಪದಗಳ ಪುಸ್ತಕ. ಒಬ್ಬರ ಪುಸ್ತಕವನ್ನು ಇನ್ನೊಬ್ಬರು ಓದುವಂತಿಲ್ಲ. ಹಿರಿಯರು ಹೇಳುವ ಕಾರಣ ಸರಳ. ಸಿಕ್ಕಿದ್ದನ್ನೆಲ್ಲ ಓದಿದರೆ ಯಾರು ಯಾವುದನ್ನು ಪ್ರೀತಿಸಿದರೆಂದು ಮಕ್ಕಳಿಗೆ ತಿಳಿಯುವುದು ಹೇಗೆ, ಹೆಣ ಎತ್ತುವುದು ಹೇಗೆ? ಹೀಗೆ ಒಂದು ದಿನದ ಅನುಕೂಲಕ್ಕಾಗಿ ಅರವತ್ತು ಎಪ್ಪತ್ತು ವರ್ಷ ಬದುಕುವವರ ಕಣ್ಣಿಗೆ ಬಟ್ಟೆ ಕಟ್ಟಿದರು. ಮದುವೆಯ ದಿನ ಹೆಣ್ಣುಮಗಳು ತನ್ನ ಪದವನ್ನು ಬರೆಸಬೇಕು. ಆರಿಸುವವಳು ಅವಳ ಅತ್ತೆ. ಮೇಲ್ಗೇರಿಯ ಮುನ್ನೂರು ಹೆಂಗಸರಿಗೆ ಬಂಗಾರದ ಕೊಡವೇ ಪದ. ದಿನಾ ದೀಪ ಹಚ್ಚುವಾಗ ಹೇಳುತ್ತ ಹೋದರೆ ಪ್ರೀತಿ ತಾನಾಗಿ ಬರುತ್ತದೆ ಎನ್ನುತ್ತಾರೆ. ಕೆಲವರಿಗೆ ಬರುತ್ತದೆ ಕೂಡ.

ಆ ಪ್ರೀತಿ ಬಾರದೆ ಸತ್ತವರನ್ನು ಮನೆಯೊಳಗೇ ಹುಗಿಯುತ್ತಾರೆ. ಅದಕ್ಕೇ ಮೇಲ್ಗೇರಿಯ ಎಂಥ ಶ್ರೀಮಂತರ ಮನೆಯಲ್ಲೂ ಹಾಸುಗಲ್ಲಿಲ್ಲ, ಮಣ್ಣಿನ ನೆಲ. ಮಲಗಿದಲ್ಲೇ ಪಕ್ಕದಲ್ಲಿ ಅಗೆದು, ಹೆಣವನ್ನು ಹಾರೆಯಿಂದ ಮೀಟಿ ಉರುಳಿಸಿ, ಮಣ್ಣು ಮುಚ್ಚಿ, ಮೇಲೆ ಪೆಟ್ಟಿಗೆಯನ್ನೋ ತೊಟ್ಟಿಲನ್ನೋ ಇಡುತ್ತಾರೆ. ಹೆಣ್ಣು ನೋಡಲು ಬಂದವರು ಮಾತಾಡುತ್ತಲೇ ನೆಲದ ಉಬ್ಬುಗಳನ್ನು ಎಣಿಸುತ್ತಾರೆ. ಈ ಅಗೆಯುವ ಕೆಲಸ ಸುಣ್ಣಗೇರಿಯವರದು. ನಮ್ಮ ಗೋಡೆಗಳಿಗೆ ಸುಣ್ಣ ತಂದುಕೊಡುವಾಗ ಅವರು ಬುಟ್ಟಿಯನ್ನು ಅಂಗಳದಲ್ಲಿಟ್ಟು ದೂರ ನಿಲ್ಲಬೇಕು. ಗುದ್ದಲಿ ಹಿಡಿದಾಗ ಮಾತ್ರ ಹೊಸ್ತಿಲು ದಾಟಬಹುದು.

ನಾನು ಪುರಸಭೆಯ ಗ್ರಂಥಾಲಯದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದೆ. ಅದಕ್ಕೆ ನಾಲ್ಕು ಬಾಗಿಲು, ಒಳಗೆ ನಾಲ್ಕು ಕಪಾಟು, ಪುಸ್ತಕಗಳಿಗೆ ನಾಲ್ಕು ಬಣ್ಣದ ಬಟ್ಟೆಯ ಹೊದಿಕೆ. ನಾಲ್ಕು ಕಪಾಟಿನ ಧೂಳನ್ನೂ ಒರೆಸುವವಳು ನಾನೊಬ್ಬಳೇ ಆದ್ದರಿಂದ, ನಾಲ್ಕನ್ನೂ ಓದಿದವಳು ಊರಿನಲ್ಲಿ ನಾನೊಬ್ಬಳೇ ಇದ್ದೆ. ಇದನ್ನು ಧೈರ್ಯವೆಂದು ಯಾರೂ ತಿಳಿಯಬಾರದು. ನಾನು ಅಂಜುಬುರುಕಿ. ಬಾಗಿಲ ಚಿಲಕವನ್ನು ಮೂರು ಸಲ ನೋಡಿ, ಆಮೇಲೂ ಕಿಟಕಿಗೆ ಬೆನ್ನು ಮಾಡಿ ಓದುತ್ತಿದ್ದೆ. ಹಾಗೆ ಓದುವುದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ. ಅತ್ತೆಗೆ ಹೇಗೆ ತಿಳಿಯಿತೋ ಕಾಣೆ. ನಾಲ್ಕು ವರ್ಷದ ಹಿಂದೆ ಒಂದು ದಿನ ಕಾಳು ಆರಿಸುತ್ತ ಕೂತಿದ್ದವರು ಮೊರದಿಂದ ತಲೆ ಎತ್ತದೆ, "ಮಂದಾ, ಈ ಬಂಗಾರದ ಕೊಡ ಹೊತ್ತು ಹೊತ್ತು ನನ್ನ ಸೊಂಟ ಬಿದ್ದೈತಿ. ಬ್ಯಾರೆ ಏನರ ಓದಾಕ ತಂದ ಕೊಡವಾ" ಅಂದರು.

ಮೇಲ್ಗೇರಿಯ ಕೆಂಪು ಹೊದಿಕೆಯೊಳಗೆ ಮೊದಲು ನಡುಗೇರಿಯದು, ಆಮೇಲೆ ಗಾಣಗೇರಿಯದು ತಂದುಕೊಟ್ಟೆ. ಅತ್ತೆ ನಿಧಾನವಾಗಿ, ಬೆರಳಿಟ್ಟು ಓದುತ್ತಿದ್ದರು. ಗಾಣದ ಎತ್ತಿನ ಮೇಲಿನ ಪದವೊಂದನ್ನು ಓದಿದ ವಾರ ಎಣ್ಣೆ ತರುವವನನ್ನು ನಿಲ್ಲಿಸಿ, ನಿಮ್ಮ ಎತ್ತಿಗೆ ಕಣ್ಣು ಕಟ್ಟುವ ಬಟ್ಟೆ ಯಾವುದಪ್ಪಾ ಎಂದು ಕೇಳಿದರು. ನಲವತ್ತು ವರ್ಷ ಅವನ ಎಣ್ಣೆ ತಿಂದಿದ್ದರು, ಅದೇ ಮೊದಲು ಕೇಳಿದ ಮಾತು. ಆ ಮನುಷ್ಯ ಏನೋ ತಪ್ಪಾಯಿತೆಂದು ಗಾಬರಿಯಾಗಿ ಡಬ್ಬಿ ಬಿಟ್ಟು ಹೋದ. ಕೊನೆಗೆ ಸುಣ್ಣಗೇರಿಯ ಪುಸ್ತಕ ತಂದೆ. ನಲವತ್ತೇ ಪುಟದ ಪುಸ್ತಕ. ಅದರ ಹದಿನೇಳನೆಯ ಪುಟಕ್ಕೆ ಬಂದ ಅತ್ತೆ ಮುಂದೆ ಹೋಗಲಿಲ್ಲ. ಮೂರು ತಿಂಗಳು ಅದೇ ಪುಟ. ಸುಟ್ಟ ಸುಣ್ಣ ಅಂಗೈ ತಿಂತು ಮಗಳ, ಹಿಂಗೈಲೆ ನಿನ್ನ ಗಲ್ಲ ಸವರೇನ. ಊರಮಂದಿ ಗ್ವಾಡಿ ಬೆಳ್ಳಗ ಹೊಳದಾವ, ನಿನ್ನ ಗಲ್ಲ ಎಷ್ಟು ಮೆತ್ತಗೈತಿ, ನಾ ಅರಿಯೆ.

ಆ ವರ್ಷ ಹಬ್ಬಕ್ಕೆ ಮನೆಗೆ ಸುಣ್ಣ ಬಳಿಯುವುದು ಬೇಡವೆಂದು ಅತ್ತೆ ಹಟ ಹಿಡಿದರು. ಭಾವ ಮುದುಕಿಗೆ ಜಿಪುಣತನ ಬಂದಿದೆ ಎಂದರು. ಮುಂದಿನ ವರ್ಷ ಭಾವ ತಾವೇ ಸುಣ್ಣಕ್ಕೆ ಹೇಳಿಕಳಿಸಿದಾಗ ಅತ್ತೆ ಅಂಗಳಕ್ಕಿಳಿದು, ಬುಟ್ಟಿ ತಂದ ಹೆಂಗಸಿನ ತಲೆಯಿಂದ ಅದನ್ನು ತಮ್ಮ ಕೈಯಾರೆ ಇಳಿಸಿಕೊಂಡರು. ಬುಟ್ಟಿಯ ಸಂದಿನಿಂದ ಉದುರಿದ ಪುಡಿ ಬೆವರಿದ ಬೆರಳುಗಳನ್ನು ಸುಟ್ಟಿತು. ಗುಳ್ಳೆಗಳಿಗೆ ನಾನು ಎಣ್ಣೆ ಹಚ್ಚುವಾಗ, "ಇಷ್ಟಕ್ಕ ಇಷ್ಟು ಉರಿ" ಎಂದರು. ಬೇರೇನೂ ಹೇಳಲಿಲ್ಲ.

ಹೀಗಾಗಿ ಆ ಬೆಳಿಗ್ಗೆ ಗಂಡಸರು ಪುಸ್ತಕದ ಪದಗಳನ್ನು ಒಂದಾದಮೇಲೊಂದು ಹೇಳುತ್ತಿದ್ದಾಗ, ಯಾವುದು ಬೇಕೆಂದು ಬಲ್ಲವಳು ನಾನೊಬ್ಬಳೇ, ಒಲೆಯ ಪಕ್ಕದಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದೆ. ಮೇಲ್ಗೇರಿಯ ಪುಸ್ತಕದಲ್ಲಿ ಆರುನೂರು ಪದಗಳು. ಹೂವಿನ ಪದ, ಮುತ್ತಿನ ಪದ, ಹಂಸದ ಪದ, ಎಲ್ಲವನ್ನೂ ಹೇಳಿದರು. ಅವರ ಗಂಟಲು ಒಣಗಿದಾಗ ನೀರು ಕೊಟ್ಟವಳೂ ನಾನೇ. ಹನ್ನೊಂದರ ಹೊತ್ತಿಗೆ ಭಾವ ಪುಸ್ತಕ ಮುಚ್ಚಿ ಸುಣ್ಣಗೇರಿಗೆ ಹೇಳಿಕಳಿಸಲು ಎದ್ದರು. ನಾನು ಗಂಡನನ್ನು ಅಡುಗೆಮನೆಗೆ ಕರೆದು ಎಲ್ಲವನ್ನೂ ಹೇಳಿದೆ. ಅವರು ಸಿಟ್ಟಾಗಿದ್ದರೆ ತಾಳಿಕೊಳ್ಳಬಹುದಿತ್ತು. ಅವರು ಬೇಡಿಕೊಂಡರು. "ನೆಲದಾಗ ಹುಗದ್ರ ಅವ್ವ ಒಬ್ಬಾಕಿ ಹೋಗ್ತಾಳ. ನೀ ಬಾಯಿ ಬಿಟ್ರ ಮನಿತನಾನ ಹೋಗ್ತೈತಿ. ಸುಮ್ನಿರು ಮಂದಾ, ಕೈ ಮುಗೀತೀನಿ." ನಾನು ಸುಮ್ಮನಿದ್ದೆ. ಇದನ್ನು ಬರೆಯುವಾಗ ಬೇರೆ ಯಾವ ಪದವನ್ನು ಬಳಸಬಹುದೆಂದು ಹುಡುಕಿದೆ, ಸಿಗಲಿಲ್ಲ. ಸುಮ್ಮನಿದ್ದೆ.

ಸುಣ್ಣಗೇರಿಯಿಂದ ಬಂದವಳು ಹೊನ್ನೂರವ್ವ, ಜೊತೆಗೆ ಅವಳ ಇಬ್ಬರು ಅಣ್ಣಂದಿರು. ಅಣ್ಣಂದಿರು ಮಣ್ಣು ಹೊರುವವರು, ಅಗೆಯುವವಳು ಅವಳು. ಐವತ್ತರ ಹೆಂಗಸು, ಉದ್ದನೆಯ ಕೈಗಳು. ಪಡಸಾಲೆಯಲ್ಲಿ ಅತ್ತೆಯ ಚಾಪೆಯಿಂದ ಒಂದು ಮೊಳ ದೂರದಲ್ಲಿ ಗೆರೆ ಕೊರೆದು ಗುದ್ದಲಿ ಹಾಕಿದಳು. ಭಾವನ ಹೆಂಡತಿ ನನ್ನ ಕಿವಿಯಲ್ಲಿ, ಇವರು ಹೋದಮೇಲೆ ಎಷ್ಟು ಸಲ ನೆಲ ಸಾರಿಸಬೇಕು ಎಂದು ಲೆಕ್ಕ ಹೇಳುತ್ತಿದ್ದರು. ಅಗೆದ ಮಣ್ಣು ಅತ್ತೆಯ ಪಾದದ ಮೇಲೆ ಒಂದಿಷ್ಟು ಬಿತ್ತು. ಯಾರೂ ಒರೆಸಲಿಲ್ಲ. ಹೊನ್ನೂರವ್ವ ಗುದ್ದಲಿ ಬಿಟ್ಟು ಬಾಗಿ, ಹಿಂಗೈಯಿಂದ ಆ ಮಣ್ಣನ್ನು ಸರಿಸಿದಳು. ಅಂಗೈಯಿಂದ ಯಾಕೆ ಸರಿಸಲಿಲ್ಲವೆಂದು ನನಗೆ ಗೊತ್ತಿತ್ತು. ಆ ಪಡಸಾಲೆಯಲ್ಲಿ ಅದು ಗೊತ್ತಿದ್ದವರು ಇಬ್ಬರೇ ಮೇಲ್ಗೇರಿಯವರು, ಒಬ್ಬರು ಸತ್ತು ಮಲಗಿದ್ದರು. ನನ್ನ ಬಾಯಿ ತೆರೆಯಿತು. ಧೈರ್ಯದಿಂದ ಅಲ್ಲ, ನಾಚಿಕೆಯಿಂದ.

ನಾನು ಒಂದು ಸಲ ಹೇಳಿದೆ, ಮೆಲ್ಲಗೆ. ಮೂರನೆಯ ಸಾಲಿಗೆ ಬರುವಾಗ ಅತ್ತೆಯ ಸೆರಗು ಕದಲಿತು. ನಾಲ್ಕನೆಯ ಸಾಲು ಮುಗಿಯುವುದರೊಳಗೆ ಅವರು ಚಾಪೆ ಬಿಟ್ಟು ಮೇಲೆ ಬಂದಿದ್ದರು. ಬೆನ್ನಿಗಂಟಿದ್ದ ಚಾಪೆಯ ಕಡ್ಡಿಯೊಂದು ಉದುರಿ ಕೆಳಗೆ ಬಿತ್ತು. ನಾನು ಹೇಳುತ್ತಲೇ ಇದ್ದೆ, ನಿಲ್ಲಿಸಲು ಹೆದರಿಕೆ. ಬಾಗಿಲಲ್ಲಿ ನೆರೆದಿದ್ದ ಜನ ಒಳಗೆ ಬಗ್ಗಿ ನೋಡಿದರು. ಭಾವ ಓಡಿಬಂದು ನನ್ನ ಬಾಯಿಗೆ ಕೈ ಅಡ್ಡ ಹಿಡಿದರು, ಅತ್ತೆ ದೊಪ್ಪನೆ ಬಿದ್ದರು. ಆ ಸದ್ದನ್ನು ಎಲ್ಲರೂ ಕೇಳಿದರು. ತಾಯಿಯನ್ನು ಬೀಳಿಸಿದ್ದು ಅವರ ಕೈ ಎಂಬುದನ್ನೂ ಎಲ್ಲರೂ ನೋಡಿದರು. ಆದರೆ ಜನ ಕೇಳಿದ್ದು, ಇದು ಯಾವ ಕೇರಿಯ ಪದ ಎಂದು. ಮುದುಕಿ ಎದ್ದಳಲ್ಲ ಎಂದು ಒಬ್ಬರೂ ಸಂತೋಷಪಡಲಿಲ್ಲ.

ಕೇರಿ ಯಾವುದೆಂದು ಉತ್ತರ ಹೇಳಿದವಳು ಹೊನ್ನೂರವ್ವ. ಅವಳು ಮೊಣಕಾಲುದ್ದದ ಗುಣಿಯಲ್ಲಿ ನಿಂತೇ ಇದ್ದಳು. "ಅದು ನಮ್ಮಾಯಿ, ನಮ್ಮವ್ವನ ಹಡದಾಕಿ, ಕಟ್ಟಿದ ಪದಾ. ಆ ಗಲ್ಲ ನಮ್ಮವ್ವಂದು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅವ್ವಾರಿಗೆ ಇದು ಬೇಕಂತ ಯಾವಾಗಿಂದ ಗೊತ್ತಿತ್ತ್ರಿ ಅಕ್ಕಾರ?" ಎಂದು ಕೇಳಿದಳು. ಬೆಳಗಿನಿಂದ ಎಂದೆ. "ಹಂಗಾದ್ರ ನನ್ನ ಕೈಲೆ ಇಷ್ಟುದ್ದ ಯಾಕ ಅಗಸಿದ್ರಿ?" ಅವಳು ಉತ್ತರಕ್ಕೆ ಕಾಯಲಿಲ್ಲ. "ನಮ್ಮ ಪದಾ ಹೆಂಗ ಬೇಕಾದ್ರೂ ಒಳಗ ಬರಬೌದು, ನಾವು ಮಾತ್ರ ಗುದ್ದಲಿ ಹಿಡಕೊಂಡ ಬರಬೇಕು. ಛಲೋ ಐತ್ರಿ ನಿಮ್ಮ ನ್ಯಾಯ." ಅಣ್ಣಂದಿರನ್ನು ಕರೆದು, ಬುಟ್ಟಿಯ ಮಣ್ಣನ್ನು ಗುಣಿಗೆ ಸುರಿಸಿದಳು. ಎದ್ದವರನ್ನು ಮನೆಯ ನೆಲದಲ್ಲಿ ಹುಗಿಯಲು ತಾನು ಅಗೆಯುವುದಿಲ್ಲ, ಬೇಕಾದರೆ ಸ್ಮಶಾನದಲ್ಲಿ ಅಗೆಯುತ್ತೇನೆ ಎಂದಳು.

ಭಾವ ಸಿಕ್ಕಿಬಿದ್ದರು. ಅತ್ತೆ ಎದ್ದದ್ದನ್ನು ಅರ್ಧ ಕೇರಿ ನೋಡಿತ್ತು, ಇನ್ನು ಹುಗಿಯುವಂತಿಲ್ಲ. ಹೊರಬೇಕೆಂದರೆ ನಾಲ್ವರೂ ಆ ಪದ ಹೇಳಬೇಕು, ಮೇಲ್ಗೇರಿಯ ದೊಡ್ಡ ಬೀದಿಯಲ್ಲಿ, ಹಾಡಹಗಲು. ಹಿರಿಯರು ಜಗಲಿಯಲ್ಲಿ ಒಂದು ಗಂಟೆ ಚರ್ಚಿಸಿದರು. ಪದವನ್ನು ನಮ್ಮ ಕೇರಿಯದೆಂದು ಈಗಲೇ ಬರೆದುಕೊಳ್ಳೋಣ, ಆಗ ದೋಷವಿಲ್ಲ ಎಂದರು ಒಬ್ಬರು. ಸುಣ್ಣ ಎಂಬಲ್ಲಿ ಗಂಧ ಎಂದು ಮಾಡಿದರೆ ಹೇಗೆ ಎಂದರು ಇನ್ನೊಬ್ಬರು. ಹಾಗೆ ಹೇಳಿಯೂ ನೋಡಿದರು. ಅತ್ತೆ ಅಲುಗಲಿಲ್ಲ. ಆಗ ನನ್ನ ಗಂಡ ಎದ್ದು, ಯಾರ ಮುಖವನ್ನೂ ನೋಡದೆ, ಸುಣ್ಣ ಎಂದೇ ಹೇಳತೊಡಗಿದರು. ಮೊದಲ ಸಲ ತಡವರಿಸಿದರು. ಬೆಳಿಗ್ಗೆ ಕೈ ಮುಗಿದ ಆ ಮನುಷ್ಯನ ಮೇಲಿದ್ದ ನನ್ನ ಸಿಟ್ಟು ಅದರಿಂದ ಪೂರ್ತಿ ಇಳಿಯಿತೆಂದು ಹೇಳಲಾರೆ. ಅರ್ಧ ಇಳಿಯಿತು. ಅವರ ಚಿಕ್ಕಪ್ಪನ ಮಕ್ಕಳಿಬ್ಬರು ಜೊತೆಗೂಡಿದರು. ನಾಲ್ಕನೆಯ ಹೆಗಲು ಹಿರಿಮಗನದೇ ಆಗಬೇಕು. ಭಾವ ಅಂಗವಸ್ತ್ರವನ್ನು ಸೊಂಟಕ್ಕೆ ಬಿಗಿದರು. "ಸುಣ್ಣಗೇರಿ ಮಾತು ನನ್ನ ಬಾಯಾಗ ಬರೂದಿಲ್ಲ. ಹೆಗಲು ಗಟ್ಟಿ ಐತಿ, ಹೊರತೀನಿ."

ಹೆಂಗಸರು ಬಾಗಿಲವರೆಗೆ ಮಾತ್ರ ಹೋಗುವ ಪದ್ಧತಿ. ನಾನು ಬಾಗಿಲಲ್ಲಿ ನಿಂತೆ, ಆಮೇಲೆ ಬೀದಿಗಿಳಿದೆ. ನಾನು ಹೆಜ್ಜೆ ಇಟ್ಟದ್ದು ಸಿಟ್ಟಿನಿಂದಲೋ, ಗಂಡ ನಡುವೆ ಪದ ಮರೆತರೆ ಎಂಬ ಆತಂಕದಿಂದಲೋ, ಎರಡೂ ಇರಬಹುದು. ಚಟ್ಟದ ಪಕ್ಕದಲ್ಲೇ ಹೇಳುತ್ತ ನಡೆದೆ. ಮೂರು ಮೂಲೆ ಹಕ್ಕಿಯ ಹಾಗೆ ಹಗುರ. ಭಾವನ ಮೂಲೆ ಮಾತ್ರ ಅವರ ಹೆಗಲಿನ ಮಾಂಸದೊಳಗೆ ಇಳಿಯುತ್ತಿತ್ತು. ಹತ್ತು ಮನೆ ದಾಟುವುದರೊಳಗೆ ಬಿಳಿ ಅಂಗಿ ಬೆನ್ನಿಗೆ ಅಂಟಿತು. ಇಪ್ಪತ್ತನೆಯ ಮನೆಯ ಹತ್ತಿರ ಕಾಲು ನಡುಗತೊಡಗಿತು. ನನ್ನ ಗಂಡ ಪದದ ನಡುವೆಯೇ ಅವರ ಕಡೆ ನೋಡಿ, ಹೇಳಣ್ಣಾ ಎನ್ನುವಂತೆ ತಲೆ ಆಡಿಸಿದರು. ಭಾವ ತುಟಿ ಬಿಗಿದರು. ತಮ್ಮ ತಾಯಿಯ ಭಾರಕ್ಕೆ ಮೂಳೆ ಮುರಿದರೂ ಸರಿ, ನಾಲ್ಕು ಸಾಲು ಬಾಯಿಗೆ ಬರಬಾರದು. ಇದನ್ನು ಆಚಾರ ಎನ್ನುವವರಿದ್ದಾರೆ. ಅವರ ಮುಖ ನಾನು ಹತ್ತಿರದಿಂದ ನೋಡಿದೆ. ಅಲ್ಲಿದ್ದದ್ದು ಭಯ.

ಬೀದಿಯ ತಿರುವಿನಲ್ಲಿ ಅವರ ಮೊಣಕಾಲು ನೆಲಕ್ಕೆ ಬಿತ್ತು. ಚಟ್ಟ ಆ ಕಡೆ ವಾಲಿತು. ಇಬ್ಬದಿಯ ಜಗಲಿಗಳಲ್ಲಿ ನಲವತ್ತು ಗಂಡಸರಾದರೂ ಇದ್ದರು. ಯಾರೂ ಇಳಿದು ಬರಲಿಲ್ಲ. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ, ನೋಡುವುದು ನನ್ನ ಚಾಳಿ. ಅಷ್ಟು ಹೊತ್ತು ಕೇಳಿದ ಪದ ಅವರ ಬಾಯಿಗೆ ಬಂದಿತ್ತು. ಹಲವರ ತುಟಿಗಳು ಅವರಿಗೇ ತಿಳಿಯದಂತೆ ಆಡುತ್ತಿದ್ದವು. ಪದ ಬರುತ್ತದೆ, ಹೆಗಲು ಬರುವುದಿಲ್ಲ. ಹಿಂದೆ ಗುದ್ದಲಿ ಹೊತ್ತು ಬರುತ್ತಿದ್ದ ಹೊನ್ನೂರವ್ವನ ಕಡೆ ತಿರುಗಿ, ನೀನಾದರೂ ಬಾ ಎಂದೆ. "ನೀವು ಕರದ್ರ ಆಗೂದಿಲ್ರಿ. ಹೆಗಲು ಯಾರದೈತಿ, ಅವರು ಕರೀಬೇಕು" ಎಂದಳು. ಭಾವ ಕರೆಯಲಿಲ್ಲ. ನೆಲ ನೋಡುತ್ತ ಏದುಸಿರು ಬಿಡುತ್ತಿದ್ದರು. ಆಗ ನಾನೇ ಬಗ್ಗಿ ಅವರ ಮೂಲೆಯ ಕೆಳಗೆ ಹೆಗಲು ಕೊಟ್ಟೆ. ಜಗಲಿಯಿಂದ ಯಾರೋ ಛೀ ಎಂದರು. ಚಟ್ಟ ಮೇಲೆದ್ದಿತು. ನನ್ನ ಹೆಗಲ ಮೇಲೆ ಅತ್ತೆ ಒಗೆದು ಮಡಿಸಿದ ಸೀರೆಯಷ್ಟೂ ಇರಲಿಲ್ಲ.

ಆ ಛೀ ಎಂಬುದಕ್ಕೆ ಮುಂದಿನ ವಾರ ಕಾಗದದ ರೂಪ ಬಂತು. ಭಾವ ಪುರಸಭೆಯ ಸದಸ್ಯರು, ನನ್ನನ್ನು ಕೆಲಸದಿಂದ ತೆಗೆದ ಪತ್ರದ ಮೇಲೆ ಮೊದಲ ಸಹಿ ಅವರದೇ. ಸುಣ್ಣಗೇರಿಯ ಕಪಾಟಿಗೆ ಈಗ ಎರಡು ಬೀಗ. ಆದ್ದರಿಂದ ಸ್ಮಶಾನದಲ್ಲಿ ನಡೆದದ್ದರ ಬಗ್ಗೆ ಊರಿನಲ್ಲಿ ಯಾರೂ ಮಾತಾಡುವುದಿಲ್ಲ. ಆದರೆ ನಾನು ನೋಡಿದ್ದೇನೆ, ಬರೆಯುತ್ತೇನೆ.

ಮೇಲ್ಗೇರಿಯ ಸ್ಮಶಾನಕ್ಕೆ ಎದೆಮಟ್ಟದ ಗೋಡೆಯಿದೆ. ಹೊನ್ನೂರವ್ವ ಮತ್ತು ಅಣ್ಣಂದಿರು ಗುಣಿ ತೆಗೆದು, ಪದ್ಧತಿಯಂತೆ ಗೋಡೆಯಾಚೆ ಹೋಗಿ ನಿಂತರು. ನಾವು ಅತ್ತೆಯನ್ನು ಗುಣಿಯ ಮೇಲೆ ತಂದು ಚಟ್ಟವನ್ನು ಕೆಳಗಿನಿಂದ ಎಳೆದುಕೊಂಡೆವು. ಇಲ್ಲಿ ಎಲ್ಲರೂ ಒಟ್ಟಿಗೆ ಪದ ನಿಲ್ಲಿಸಬೇಕು. ಸಾಲನ್ನು ನಡುವೆ ಕಡಿಯದೆ ಮುಗಿಸಿ ನಿಲ್ಲಿಸಿದರೆ ಸತ್ತವರು ಬೀಳದೆ ತಾವಾಗಿ ಇಳಿಯುತ್ತಾರೆ. ನನ್ನ ಗಂಡ ಕೈ ಎತ್ತಿದರು, ನಾವು ನಾಲ್ವರೂ ಬಾಯಿ ಮುಚ್ಚಿದೆವು. ಅತ್ತೆ ಇಳಿಯಲಿಲ್ಲ. ಗುಣಿಯ ಬಾಯಿಯ ಮೇಲೆ, ಗಾಳಿಗೆ ಸೆರಗಾಡುತ್ತ, ಹಾಗೇ ನಿಂತರು.

ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಇನ್ನೂ ಹೇಳುತ್ತಿದ್ದಾರೆ ಎಂಬುದು ಸ್ಪಷ್ಟವಾಗಿತ್ತು. ಭಾವ ಕುಂಟುತ್ತ ಮುಂದೆ ಬಂದರು. ಯಾರದು, ಯಾರ ಬಾಯಿ ಅದು, ಮೇಲ್ಗೇರಿಯ ಮಾನ ಇಷ್ಟು ಕಳೆದದ್ದು ಸಾಲದೇ ಎಂದು ಕೂಗಾಡಿದರು. ಅವರು ಕೂಗುವಷ್ಟು ಹೊತ್ತು ಅತ್ತೆ ಇಳಿಯುತ್ತ ಹೋದರು. ಬೆರಳಷ್ಟು, ಇನ್ನೊಂದು ಬೆರಳಷ್ಟು. ಮಾತು ಮುಗಿಸಿ ಅವರು ಉತ್ತರಕ್ಕೆ ಕಾಯುತ್ತ ನಿಂತರು. ಅತ್ತೆ ಮತ್ತೆ ಮೇಲೆ ಬಂದರು. ಜನರೆಲ್ಲ ತುಟಿಗಳನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ತಾನಲ್ಲ ತಾನಲ್ಲ ಎಂದು ತೋರಿಸುತ್ತಿದ್ದರು. ನಾನು ಸಾಲಾಗಿ ನೋಡುತ್ತ ಬಂದೆ. ಎಲ್ಲ ಬಾಯಿಗಳೂ ಮುಚ್ಚಿದ್ದವು, ಒಂದನ್ನು ಬಿಟ್ಟು. ಭಾವನ ಕಣ್ಣು ಅತ್ತೆಯ ಕೆನ್ನೆಯ ಮೇಲಿತ್ತು. ತುಟಿಗಳು ಮೆಲ್ಲಗೆ, ಒಂದೇ ಸಮನೆ ಆಡುತ್ತಿದ್ದವು. ಸದ್ದು ಎಷ್ಟು ಸಣ್ಣದೆಂದರೆ ಅವರಿಗೇ ಕೇಳುತ್ತಿರಲಿಲ್ಲ.

ಹೇಳಬೇಕೆಂದು ನನಗೆ ಅನ್ನಿಸಿತು. ಇವರೇ, ನೋಡಿ, ಇವರ ಬಾಯಿಯೇ ಎಂದು ಬೆರಳು ತೋರಿಸಬೇಕೆನ್ನಿಸಿತು. ಬೆಳಗಿನಿಂದ ತಡೆದುಕೊಂಡ ಸಿಟ್ಟೆಲ್ಲ ಆ ಒಂದು ಬೆರಳಿಗೆ ಬಂದಿತ್ತು. ಅಷ್ಟರಲ್ಲಿ ಗೋಡೆಯಾಚೆಯಿಂದ ಹೊನ್ನೂರವ್ವನ ದನಿ ಕೇಳಿಸಿತು. ಬೀದಿಯಲ್ಲಿ ನನಗೆ ಹೇಳಿದಾಗಿನ ಬಿರುಸು ಅದರಲ್ಲಿರಲಿಲ್ಲ.

"ತ್ರಿಂಬಕಪ್ಪಾರ, ಸಾಕ ಮಾಡ್ರಿ. ಅವ್ವಾರು ಹೋಗಲಿ."

ಭಾವ ಬೆಚ್ಚಿ ಅವಳ ಕಡೆ ನೋಡಿದರು, ಆಮೇಲೆ ನಮ್ಮೆಲ್ಲರ ಕಡೆ. ಏನೋ ಹೇಳಲು ಹೋದರು. ಬಾಯಿ ತೆರೆದಾಗ ಬಂದದ್ದು ಮತ್ತೆ ಅದೇ ನಾಲ್ಕನೆಯ ಸಾಲು, ಈಗ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. ಅವರು ಎರಡೂ ಕೈಗಳಿಂದ ಬಾಯಿಯನ್ನು ಒತ್ತಿ ಹಿಡಿದುಕೊಂಡರು. ಹೆಗಲು ಕುಲುಕುತ್ತಿತ್ತು. ಅತ್ತೆ ನಿಧಾನವಾಗಿ ಕೆಳಗೆ ಹೋದರು.